ಗಂಟಿಲ್ಲದ ಮನೆತನ

ಅವಳ ಮುತ್ತಜ್ಜ ನ್ಯಾಯಾಧೀಶರೊಬ್ಬರ ಕರಿಯ ಗೌನಿಗೆ ರಫು ಹಾಕಲು ಹೋಗಿ ಜೈಲಿನ ಬಾಗಿಲವರೆಗೆ ಹೋಗಿಬಂದವನು. ಗೌನಿನ ಬೆನ್ನನ್ನು ಇಲಿ ಅಂಗೈಯಗಲ ಕಡಿದಿತ್ತು. ಮುತ್ತಜ್ಜ ಅದನ್ನು ಮನೆಗೊಯ್ದು, ಗೌನಿನ ಒಳಮಡಿಕೆಯಿಂದಲೇ ಎಳೆ ಕಿತ್ತು, ಹಾಸಿನ ಎಳೆಗೆ ಹಾಸು, ಹೊಕ್ಕಿನ ಎಳೆಗೆ ಹೊಕ್ಕು ಸೇರಿಸಿ ನೇಯ್ದು ತಂದುಕೊಟ್ಟ. ನ್ಯಾಯಾಧೀಶರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಇದು ನನ್ನದಲ್ಲ. ನನ್ನದನ್ನು ಮಾರಿಕೊಂಡು ಯಾರದ್ದೋ ತಂದಿದ್ದಾನೆ" ಎಂದು ಅವನನ್ನು ಜಗುಲಿಯಲ್ಲಿ ಕೂರಿಸಿ ಪೊಲೀಸಿಗೆ ಹೇಳಿಕಳಿಸಿದರು. ಕೊನೆಗೆ ಅವರ ಹೆಂಡತಿ ಹೊರಗೆ ಬಂದು, ಕೊರಳಪಟ್ಟಿ ಮಗುಚಿ, "ಈ ಜಿಡ್ಡು ನಿಮ್ಮದಲ್ಲದೆ ಇನ್ಯಾರದ್ದು?" ಎಂದ ಮೇಲೆ ಬಿಟ್ಟುಕೊಟ್ಟರು.

ಅಜ್ಜಿಯದು ಇನ್ನೊಂದು ಕತೆ. ಆಸ್ತಿ ಪಾಲಾಗುವಾಗ ಇಬ್ಬರು ಅಣ್ಣತಮ್ಮಂದಿರು ಅಪ್ಪನ ಶಾಲನ್ನು ಹಿಡಿದೆಳೆದು ಎರಡು ತುಂಡು ಮಾಡಿದ್ದರು. ಆಮೇಲೆ ನಾಚಿಕೆಯಾಗಿ ಅಜ್ಜಿಯ ಹತ್ತಿರ ತಂದರು. ಅಜ್ಜಿ ಒಂದು ಮಾಡಿಕೊಟ್ಟಳು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಜಗಳ ಬಂತು, ಮತ್ತೆ ಹರಿದುಕೊಳ್ಳೋಣವೆಂದರು. ಆದರೆ ನಿನ್ನದೆಲ್ಲಿ ಮುಗಿಯಿತು, ನನ್ನದೆಲ್ಲಿ ಶುರುವಾಯಿತು ಎಂಬುದು ಇಬ್ಬರಿಗೂ ಕಾಣಲಿಲ್ಲ. ಬೇಸತ್ತು ಶಾಲನ್ನು ಅಜ್ಜಿಗೇ ಹೊದಿಸಿಹೋದರು. ಅವಳು ಅದನ್ನು ಹೊದ್ದೇ ಸತ್ತಳು.

ಇನ್ನು ಅಪ್ಪ. ಅಪ್ಪ ಆ ಕಸುಬಿಗೆ ಆಟವೊಂದನ್ನು ಸೇರಿಸಿದ. ಬಟ್ಟೆ ತಯಾರಾದಾಗ ಸುಮ್ಮನೆ ಮಡಿಸಿ ಕೊಡುತ್ತಿರಲಿಲ್ಲ. ಬಂದವರ ಮುಂದೆ ಹರವಿ, ಕೈಕಟ್ಟಿ ಕುಳಿತು, "ಹುಡುಕಿ ನೋಡಿ" ಎನ್ನುತ್ತಿದ್ದ. ಸಿಕ್ಕಿದರೆ ಕೂಲಿ ಬೇಡ. ಜನ ಕಿಟಕಿಯ ಬಳಿಗೆ ಒಯ್ಯುವರು, ಬೆರಳಾಡಿಸುವರು, ಮೂಸುವವರೂ ಇದ್ದರು. ಸೋತು ನಗುವರು. ಆ ನಗುವೇ ಅಪ್ಪನ ನಿಜವಾದ ಸಂಪಾದನೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದ: "ನೋಡು ಮಗಾ, ದಾರದ ಕೊನೇನ ನೇಯ್ಗೆಯೊಳಗೇ ಹಿಂದಕ್ಕೆ ಓಡಿಸಿ ಅಡಗಿಸಬೇಕು. ಗಂಟು ಹಾಕಬಾರದು. ಬೆರಳಿಗೆ ಗಂಟು ಸಿಕ್ಕಿತು ಅಂದ್ರೆ ನಮ್ಮನೆ ಮರ್ಯಾದೆ ಹೋಯ್ತು ಅಂತ." ಮೂರು ತಲೆಮಾರು ಆ ಮನೆಯಲ್ಲಿ ಯಾರೂ ದಾರಕ್ಕೆ ಗಂಟು ಹಾಕಿದ್ದಿಲ್ಲ.

ಅಪ್ಪ ಹೋಗುವ ಹೊತ್ತಿಗೆ ಊರಿನಲ್ಲಿ ರಫು ಹಾಕಿಸುವವರೂ ಹೋಗಿದ್ದರು. ಹರಿದರೆ ಬಿಸಾಕು, ಹೊಸದು ತೊಡು ಎನ್ನುವ ಕಾಲ. ಹೊರದೇಶದಲ್ಲಿ ಲಾಂಡ್ರಿ ಇಟ್ಟಿದ್ದ ಭಾವ ಅವಳನ್ನು ಕರೆಸಿಕೊಂಡ. ಅಕ್ಕನ ಗಂಡ, ಕೆಟ್ಟವನೇನಲ್ಲ. ಅಂಗಡಿಯ ಹಿಂಭಾಗದಲ್ಲಿ, ಹಬೆ ಇಸ್ತ್ರಿಯ ಪಕ್ಕ ಪರದೆ ಕಟ್ಟಿ, ದೀಪ ಹಾಕಿಸಿ, ಕುರ್ಚಿಗೆ ದಿಂಬು ಕೊಡಿಸಿದ. ಹೊರಗೆ ಗಿರಾಕಿಗಳು "ಎಷ್ಟು ಚೆನ್ನಾಗಿ ಮಾಡಿದ್ದೀರಿ!" ಎಂದರೆ "ನಮ್ಮ ಅಂಗಡಿ ಕೆಲಸ ಅಂದ್ರೆ ಹಾಗೇ" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ. ಪರದೆಯ ಹಿಂದೆ ಅವಳು ಹಬೆಯಲ್ಲಿ ಬೇಯುತ್ತಿದ್ದಳು. ಬೇಯಿಸಿದ್ದು ಬರೀ ಹಬೆಯಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಅಂದೇಬಿಟ್ಟಳು.

"ಭಾವ, ನಾನು ಹೊರಗೆ ಹೋಗಿ ಸ್ವಂತ ಮಾಡ್ತೀನಿ."

"ಎಲ್ಲಿಗೆ ಹೋಗ್ತೀಯ? ಅಂಗಡೀಲಿ ಹಾಲು ಕೇಳೋಕೆ ನಿನಗೆ ಮಾತು ಬರಲ್ಲ. ಹಸು ಥರ ಅಂಬಾ ಅಂತ ತೋರಿಸ್ತೀಯ."

"ಹಾಲು ಕೊಡ್ತಾರಲ್ಲ ಭಾವ, ಅಷ್ಟು ಸಾಲದಾ?"

ಅಕ್ಕ ಒಲೆಯ ಕಡೆ ತಿರುಗಿ ನಗು ನುಂಗಿಕೊಂಡಳು.

ಹಾಗೆ ಹೊರಟವಳು ರೈಲಿನ ದಾರಿಯುದ್ದದ ಊರುಗಳನ್ನು ಹಿಡಿದಳು. ಒಂದೂರಲ್ಲಿ ಟೈಲರನ ಕಿಟಕಿ, ಇನ್ನೊಂದರಲ್ಲಿ ಟೋಪಿ ಅಂಗಡಿಯ ಮೆಟ್ಟಿಲ ಕೆಳಗು, ನದಿ ದಡದ ಊರಿನಲ್ಲಿ ಇಸ್ತ್ರಿ ಅಂಗಡಿಯ ಮೂಲೆ. ಮಡಿಸುವ ಮಣೆ, ಬಗ್ಗಿಸುವ ದೀಪ, ಭೂತಗನ್ನಡಿ, ಅಪ್ಪನ ಸೂಜಿಡಬ್ಬಿ, ಇಷ್ಟೇ ಸಂಸಾರ. ಒಂದೂರಲ್ಲಿ ಒಂದು ವಾರ, ಆಮೇಲೆ ಮುಂದಿನ ರೈಲು. ಬಾಡಿಗೆಯ ಕೋಣೆಗಳಲ್ಲಿ ಇಳಿಜಾರು ಮಾಡಿಗೆ ತಲೆ ಬಡಿದುಕೊಂಡಳು. ಬೇಕರಿಯ ಮೇಲಿನ ಕೋಣೆಯಲ್ಲಿದ್ದ ವಾರ, ಅವಳು ರಫು ಹಾಕಿದ ಕೋಟುಗಳನ್ನೆಲ್ಲ ನಾಯಿಗಳು ಮೂಸಿಕೊಂಡು ಹಿಂಬಾಲಿಸಿದವು. ಮಾತನ್ನು ಕಲಿತದ್ದು ಬಟ್ಟೆಯ ಕೊರಳಿಗಂಟಿದ ಚೀಟಿಗಳಿಂದ. ಆದ್ದರಿಂದ ಅವಳಿಗೆ ಮೊದಲು ಬಂದ ಮಾತುಗಳೆಲ್ಲ ಬೇಡ ಬೇಡಗಳೇ: ಹಿಂಡಬೇಡಿ, ಬಿಸಿನೀರು ಬೇಡ, ನೆರಳಲ್ಲಿ ಒಣಗಿಸಿ. ಕೋಣೆಯ ಯಜಮಾನಿ ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಬಂದ್ ಮಾಡಿದಾಗ "ನನ್ನನ್ನು ತಣ್ಣೀರಲ್ಲಿ ಒಗೆಯಬೇಡಿ" ಎಂದಳು. ಯಜಮಾನಿ ನಕ್ಕು ಕೊಳವೆಯ ತಿರುಪು ತಿರುವಿದಳು.

ಎದೆ ಹಿಗ್ಗಿತು. ಹಿಗ್ಗಬಾರದೇಕೆ? ಒಬ್ಬಳೇ ಹೋಟೆಲಿನಲ್ಲಿ ಕೂತು ಉಣ್ಣಲು ಕಲಿತಳು, ತಪ್ಪು ರೈಲು ಹತ್ತಿ ಸರಿಯಾದ ಊರಿಗೆ ಬರಲು ಕಲಿತಳು. ಅಪ್ಪನ ಆಟವನ್ನು ಆ ದೇಶದ ಮಾತಿಗೆ ತಂದಳು. "ಹುಡುಕಿ ನೋಡಿ" ಎಂದರೆ ಅಲ್ಲಿಯ ಜನರೂ ಥೇಟು ಇಲ್ಲಿಯ ಜನರಂತೆಯೇ ಹುಡುಕಿದರು, ಸೋತರು, ನಕ್ಕರು. ಫೋನಿನಲ್ಲಿ ಅಕ್ಕನಿಗೆ ಹೇಳುವಾಗ ಅವಳ ದನಿಯಲ್ಲಿ ಮುತ್ತಜ್ಜ, ಅಜ್ಜಿ, ಅಪ್ಪ ಮೂವರೂ ಮೀಸೆ ತಿರುವುತ್ತಿದ್ದರು. ಅಜ್ಜಿಗೂ ಆಗ ಮೀಸೆ ಬಂದಿತ್ತು.

ನದಿ ದಡದ ಊರಿನಲ್ಲಿ ಅವಳ ಮಾತೇ ಆಡುವ ಮುದುಕರೊಬ್ಬರು ಸಿಕ್ಕರು. ಹರೆಯದಲ್ಲೇ ಆ ದೇಶಕ್ಕೆ ಬಂದು ಆಯಸ್ಸೆಲ್ಲ ಬಸ್ಸು ಓಡಿಸಿದವರು. ಮಾತಾಡುತ್ತ ಮಾತಾಡುತ್ತ ನಡುವೆಯೇ ಗಕ್ಕನೆ ನಿಂತುಬಿಡುವರು, ಮತ್ತೆ ಹೊರಡಲು ಹೊತ್ತಾಗುವುದು. ಅದಕ್ಕೇ ಅವರಿಗೆ ಬ್ರೇಕಜ್ಜ ಎಂದು ಹೆಸರಿಟ್ಟಳು. ಅವರು ಅವಳನ್ನು ರಫಕ್ಕ ಎಂದರು. ಅವರು ತಂದದ್ದು ದಪ್ಪ ಉಣ್ಣೆಯ ಹಳೆಯ ಕೋಟು.

"ಒಳಗಡೆ ಅಸ್ತರಿ ಬಿಟ್ಕೊಂಡಿದೆ ರಫಕ್ಕಾ. ಅಷ್ಟು ಹೊಲಿದುಕೊಡು, ಸಾಕು."

ಅವರು ಹೋದ ಮೇಲೆ ಕೋಟನ್ನು ಮಗುಚಿ ನೋಡಿದಳು. ಎಡ ಜೇಬಿನ ಕೆಳಮೂಲೆಯಲ್ಲಿ ಹರುಕು. ಯಾರೋ ಜಗ್ಗಿದ ಹಾಗೆ ಓರೆಯಾಗಿ ಸೀಳಿ, ಅಂಚೆಲ್ಲ ಬೆರಳು ಉಜ್ಜಿ ಉಜ್ಜಿ ನುಣುಪಾಗಿತ್ತು. ಪಾಪ, ಮುದುಕರಿಗೆ ಕೂಲಿಯ ಚಿಂತೆ, ಅದಕ್ಕೇ "ಅಷ್ಟು ಸಾಕು" ಎಂದಿರಬೇಕು ಎಂದುಕೊಂಡಳು. ಇದನ್ನು ನನ್ನ ಲೆಕ್ಕದಲ್ಲಿ ಮಾಡಿಕೊಡೋಣ, ನಮ್ಮ ಭಾಷೆಯವರು, ಎಂದು ಕನಿಕರ ಉಕ್ಕಿತು. ನುಣುಪಾದ ಅಂಚನ್ನು ಕತ್ತರಿಸಿ ನೇರ ಮಾಡಿಕೊಂಡಳು. ಒಳಮಡಿಕೆಯಿಂದ ಎಳೆ ತೆಗೆದಳು. ಅಸ್ತರಿಗೆ ಒಂದು ಗಳಿಗೆ ಹಿಡಿಯಿತು, ಆ ಮೂಲೆಗೆ ಎರಡು ಹಗಲು. ಆ ದೇಶಕ್ಕೆ ಬಂದ ಮೇಲೆ ಅಷ್ಟು ಚೆನ್ನಾದ ಕೆಲಸ ಅವಳ ಕೈಯಿಂದ ಆಗಿರಲಿಲ್ಲ.

ಬ್ರೇಕಜ್ಜ ಬಂದದ್ದು ಮಧ್ಯಾಹ್ನ. ಅಂಗಡಿಯ ಇಸ್ತ್ರಿಯಮ್ಮ, ಅದೇ ಊರಿನ ದಪ್ಪ ದನಿಯ ಹೆಂಗಸು, ಹಾಸಿಗೆಯಗಲದ ಮೇಜುಬಟ್ಟೆ ಉಜ್ಜುತ್ತಿದ್ದಳು.

"ಆಯ್ತೇನಮ್ಮಾ?"

"ಆಯ್ತು ಅಜ್ಜ. ಆದ್ರೆ ಸುಮ್ನೆ ಕೊಡಲ್ಲ. ಹುಡುಕಿ ನೋಡಿ."

"ಏನನ್ನ?"

"ಅದನ್ನ ನೀವೇ ಹೇಳ್ಬೇಕು."

ಅಜ್ಜ ಅಸ್ತರಿ ಸವರಿ ನೋಡಿದರು. "ಚೆನ್ನಾಗಿ ಕೂತಿದೆಯಲ್ಲಮ್ಮ."

"ಅದಲ್ಲ ಅಜ್ಜ, ಇನ್ನೂ ಕೆಳಗೆ ಬನ್ನಿ. ಹಾಂ, ಬಂದ್ರಿ, ಹತ್ತಿರ ಬಂದ್ರಿ!"

ಅವರ ಕೈ ಎಡ ಜೇಬಿಗೆ ಇಳಿಯಿತು. ಕತ್ತಲೆಯಲ್ಲಿ ಕಾಲು ತನ್ನ ಮನೆಯ ಮೆಟ್ಟಿಲು ಅರಸುವಂತೆ ತೋರುಬೆರಳು ತಾನಾಗಿ ಮೂಲೆಗೆ ಹೋಯಿತು, ಅಲ್ಲೇ ತಡವಿತು. ಜೇಬನ್ನು ಹೊರಮಗುಚಿದರು. ಮತ್ತೆ ಒಳಗೆ ಹಾಕಿದರು. ಆಮೇಲೆ, ಅದು ಜಾಗ ಬದಲಿಸಿರಬಹುದೇನೋ ಎಂಬಂತೆ, ಬಲ ಜೇಬಿನಲ್ಲೂ ಹುಡುಕಿದರು.

"ಇಲ್ಲೇ ಇತ್ತಲ್ಲಮ್ಮಾ..."

"ಎಲ್ಲಿತ್ತು? ಬೆರಳಿಟ್ಟು ತೋರಿಸಿ ನೋಡೋಣ! ತೋರಿಸಿಬಿಟ್ರೆ ಇವತ್ತಿಂದ ನಾನು ಸೂಜಿ ಮುಟ್ಟಲ್ಲ!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜನ ಬೆನ್ನ ಹಿಂದೆ ಇಸ್ತ್ರಿಯಮ್ಮ ಇಸ್ತ್ರಿ ಎತ್ತಿ ನಿಲ್ಲಿಸಿ ತಲೆಯಾಡಿಸುತ್ತಿದ್ದಳು, ಕೈಯಾಡಿಸುತ್ತಿದ್ದಳು. ಕೆಲಸಕ್ಕೆ ಬೆರಗಾಗಿದ್ದಾಳೆ ಎಂದುಕೊಂಡು ಇನ್ನಷ್ಟು ನಕ್ಕಳು. "ಸೋತ್ರಾ ಅಜ್ಜ? ಸೋತೆ ಅನ್ನಿ, ಬಿಡ್ತೀನಿ."

"ಸೋತೆ ಕಣಮ್ಮ" ಎಂದರು ಬ್ರೇಕಜ್ಜ. "ಚೆನ್ನಾಗಿ ಮಾಡಿದೀಯ. ತುಂಬ..." ಅಲ್ಲಿಗೆ ನಿಂತರು. ಆ ಬಾರಿ ಮತ್ತೆ ಹೊರಡಲಿಲ್ಲ. ಅಸ್ತರಿಯ ಕೂಲಿ ಇಟ್ಟು, ಕೋಟನ್ನು ತೋಳ ಮೇಲೆ ಹಾಕಿಕೊಂಡು ಬೀದಿಗಿಳಿದರು. ಹೊರಗೆ ಹಲ್ಲು ಕಟಕಟಿಸುವ ಚಳಿ. ಅವರು ಕೋಟು ತೊಡಲಿಲ್ಲ.

ಇಸ್ತ್ರಿಯಮ್ಮ ಪ್ಲಗ್ಗು ಕಿತ್ತು ಬಂದಳು. "ನಿನಗೆ ಕಣ್ಣಿಲ್ವಾ? ಕೈ ಬೀಸಿ ಬೀಸಿ ನನ್ನ ತೋಳು ಬಿದ್ದುಹೋಯ್ತು. ಅವರು ಊರು ಬಿಟ್ಟು ಬರೋ ದಿನ ಅವರ ಮಗಳು ಆ ಜೇಬು ಹಿಡ್ಕೊಂಡು ಬಿಟ್ಟಿರಲಿಲ್ವಂತೆ. ಇಷ್ಟುದ್ದದ ಕೂಸು. ಬಿಡಿಸೋವಾಗ ಹರಿದದ್ದು. ಅವರು ಊರಿಗೆ ಹೋದಾಗಲೆಲ್ಲ ಹೆಂಡತಿ, ತಾನು ಇರೋವರೆಗೂ, ಹೊಲಿದುಕೊಡ್ತೀನಿ ಅಂತ ಗೋಗರೆದಳಂತೆ, ಮುಟ್ಟಗೊಡಲಿಲ್ಲ. ಈ ಬೀದಿಗೆಲ್ಲ ಗೊತ್ತು ಈ ಕತೆ."

ರಫಕ್ಕನಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಕೊರಳು, ಬೆನ್ನು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಪ್ಪು ಯಾರಿಂದ ಆಗುವುದಿಲ್ಲ? ತಪ್ಪಿಗೆ ಅವಳು ಅಷ್ಟು ಕುಗ್ಗುತ್ತಿರಲಿಲ್ಲ. ಕುಗ್ಗಿಸಿದ್ದು ಅವಳ ನಗು. ಮುದುಕರೊಬ್ಬರು ಕಳೆದುಕೊಂಡದ್ದನ್ನು ಜೇಬಿನಲ್ಲಿ ತಡಕುತ್ತಿದ್ದಾಗ ಎದುರಿಗೆ ಕೈಕಟ್ಟಿ ಕುಳಿತು, ಸೋತೆ ಅನ್ನಿ, ಎಂದು ಆಡಿಸಿದ್ದಳು. ಅದೂ ಕನಿಕರಪಟ್ಟು. "ಅಷ್ಟು ಹೊಲಿದುಕೊಡು, ಸಾಕು" ಎಂದು ತನ್ನದೇ ಭಾಷೆಯಲ್ಲಿ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ. ಕೋಟಿನ ಚೀಟಿಗಳಿಂದ ಬೇಡ ಎಂಬ ಮಾತನ್ನೇ ಮೊದಲು ಕಲಿತವಳು ಅವಳು!

ಅವರ ಮನೆ ಅಲ್ಲಿಂದ ಎರಡು ತಿರುವು. ಹೋಗಿ ಕಾಲಿಗೆ ಬೀಳಬಹುದಿತ್ತು. ಹೋಗಲಿಲ್ಲ. ಮರುದಿನ ಬೆಳಗಾಗುತ್ತಲೇ ಮಣೆ ಮಡಿಸಿ ರೈಲು ಹತ್ತಿದಳು. ನಿಲ್ದಾಣಕ್ಕೆ ಹತ್ತಿರದ ಬೀದಿ ಬಿಟ್ಟು ಸುತ್ತು ಬೀದಿ ಹಿಡಿದಳು.

ಮುಂದಿನ ಸುತ್ತಿನಲ್ಲಿ ನದಿ ದಡದ ಊರನ್ನು ಹಾರಿಸಿದಳು. ಇಸ್ತ್ರಿಯಮ್ಮನಿಗೆ ಫೋನು ಮಾಡಿ "ಹಳಿ ರಿಪೇರಿ ಅಂತೆ, ರೈಲಿಲ್ಲ" ಎಂದಳು. "ಹೌದಾ? ಹಾಗಾದ್ರೆ ಈಗ ನನ್ನ ಕಿಟಕಿ ಮುಂದೆ ಹೋಗ್ತಿರೋದು ಎಮ್ಮೆ ಇರಬೇಕು" ಎಂದಳು ಆಕೆ. ಅದರ ಮುಂದಿನ ಸುತ್ತಿನಲ್ಲಿ ಫೋನೂ ಮಾಡಲಿಲ್ಲ.

ಓಡಿದರೆ ನಾಚಿಕೆ ಹಿಂದೆ ಉಳಿಯುತ್ತದೆ ಎಂದುಕೊಂಡಿದ್ದಳು. ಅದು ಅವಳಿಗಿಂತ ಮೊದಲೇ ಮುಂದಿನೂರಿನಲ್ಲಿ ಇಳಿದು ಕಾಯುತ್ತಿತ್ತು. ಟೈಲರನ ಕಿಟಕಿಯ ಬಳಿ ಒಬ್ಬ ಹುಡುಗಿ ತನ್ನ ಸ್ವೆಟರು ತೆಗೆದುಕೊಳ್ಳಲು ಬಂದಳು. ಈ ಹೆಂಗಸು ಆಟ ಆಡಿಸುತ್ತಾಳಂತೆ ಎಂದು ಗೆಳತಿಯನ್ನೂ ಕರೆತಂದಿದ್ದಳು. "ಹುಡುಕಲಾ?" ಎಂದು ಕಣ್ಣರಳಿಸಿದಳು. ರಫಕ್ಕ ಸ್ವೆಟರನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡ, ಇಲ್ಲಿದೆ" ಎಂದು ತಾನೇ ಬೆರಳಿಟ್ಟು ತೋರಿಸಿದಳು. ಹುಡುಗಿಯರ ಮುಖ ಸಪ್ಪಗಾಯಿತು. ಅವರು ಹೋದ ಮೇಲೆ ಸೂಜಿಡಬ್ಬಿ ಕಡೆ ನೋಡಲಾಗದೆ ಅದನ್ನು ಚೀಲದೊಳಗೆ ಹಾಕಿದಳು. ಅಜ್ಜನ ಮುಂದೆ ಮಾನ ಹೋಗಿತ್ತು, ಈಗ ಅಪ್ಪನ ಮುಂದೆಯೂ ಹೋಯಿತು.

ಭಾವನಿಂದ ಫೋನು ಬಂತು. ಇಸ್ತ್ರಿಯಮ್ಮ ಹೇಗೋ ನಂಬರು ಹುಡುಕಿ ಅವನಿಗೆ ಎಲ್ಲ ಒದರಿದ್ದಳು.

"ಏನು ನಾದಿನಿ, ನನಗೆ ಹೇಳಬಾರದಾ? ನಾನು ಬರ್ತೀನಿ. ಒಳ್ಳೆ ಉಣ್ಣೆ ಬಟ್ಟೆ ತಗೊಂಡು ಹೋಗಿ, 'ತಪ್ಪಾಯ್ತು ಯಜಮಾನರೇ, ಹುಡುಗಿ ಹೊಸಬಳು' ಅಂತ ಒಂದು ಮಾತು ಹೇಳಿ ಮುಗಿಸ್ತೀನಿ. ನೀನು ವಾಪಸ್ ಬಾ. ಕುರ್ಚಿ ಹಾಗೇ ಇದೆ, ದಿಂಬೂ ಇದೆ."

ನಲವತ್ತು ದಾಟಿದವಳನ್ನು ಹುಡುಗಿ ಎಂದದ್ದಕ್ಕೆ ಬೇರೆ ದಿನವಾದರೆ ತಿರುಗಿ ಕೊಡುತ್ತಿದ್ದಳು. ಅಂದು ಆ ದಿಂಬು ನೆನಪಾಗಿ ಕಣ್ಣು ತುಂಬಿತು. ಪರದೆಯ ಹಿಂದೆ ಎಷ್ಟು ಸುಖವಿತ್ತು. ಅಲ್ಲಿ ಹೊಗಳಿಕೆ ಭಾವನಿಗೆ ಹೋಗುತ್ತಿತ್ತು, ನಿಜ. ಇಂಥದ್ದೂ ಅವನಿಗೇ ಹೋಗುತ್ತಿತ್ತಲ್ಲ! ಹೂಂ ಎನ್ನಲು ಬಾಯಿ ತೆರೆದಳು.

"ಭಾವ, ನೀವು ಬಂದ್ರೆ ಅವರು ನಿಮ್ಮ ಹತ್ರ ಮಾತಾಡ್ತಾರೆ. ನಾನು ನಿಮ್ಮ ಬೆನ್ನ ಹಿಂದೆ ನಿಂತ್ಕೋತೀನಿ. ಅದು ಬೇಡ. ಇಡ್ತೀನಿ." ಇಷ್ಟು ಹೇಳಿದ್ದು ತಾನೇ ಹೌದೋ ಅಲ್ಲವೋ ಎಂದು ಫೋನನ್ನು ನೋಡುತ್ತ ಕುಳಿತಳು.

ಮರುದಿನ ಬ್ರೇಕಜ್ಜನ ಬಾಗಿಲು ತಟ್ಟಿದಳು. ಇಕ್ಕಟ್ಟಿನ ಮೆಟ್ಟಿಲು, ಮೇಲೆ ಒಂದೇ ಕೋಣೆ, ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಹೆಚ್ಚಿಟ್ಟ ಈರುಳ್ಳಿ. ಕೋಟು ಗೋಡೆಯ ಮೊಳೆಗೆ ತೂಗುತ್ತಿತ್ತು. ಎಡ ಜೇಬು ಹೊರಕ್ಕೆ ಮಗುಚಿಕೊಂಡಿತ್ತು. ಅಂದರೆ ಅವರು ಇನ್ನೂ ಹುಡುಕುತ್ತಿದ್ದರು.

"ಎಲ್ಲಿ ಹೋಗಿದ್ದೆ ರಫಕ್ಕಾ? ನಿನ್ನ ಮೂಲೇಲಿ ಈಗ ಬೀಗದಕೈ ಮಾಡೋನು ಬಂದು ಕೂತಿದ್ದಾನೆ. ಕರ್ರ್ ಅಂತ ಉಜ್ಜುತಾನೆ, ಇಸ್ತ್ರಿಯಮ್ಮ ದಿನಾ ಶಾಪ ಹಾಕ್ತಾಳೆ."

"ಅಜ್ಜ, ನನಗೆ ಎಲ್ಲ ಗೊತ್ತಾಯ್ತು. ಅವತ್ತೇ ಗೊತ್ತಾಯ್ತು. ಗೊತ್ತಾಗಿಯೂ ಓಡಿಹೋದೆ." ತಲೆ ಎತ್ತಲಾಗಲಿಲ್ಲ. ಈರುಳ್ಳಿಗೇ ಹೇಳುವಂತೆ ಹೇಳಿದಳು. "ನೀವು ಹುಡುಕ್ತಾ ಇದ್ರಿ, ನಾನು ನಗ್ತಾ ಇದ್ದೆ."

ಅಜ್ಜ ಚಾಕು ಕೆಳಗಿಟ್ಟರು. "ನನ್ನ ಮಗಳಿಗೆ ಅದು ನೆನಪೇ ಇಲ್ಲ, ಗೊತ್ತಾ? ಈಗ ಅವಳಿಗೇ ಬೆಳೆದ ಮಕ್ಕಳಿದ್ದಾರೆ. ಫೋನಲ್ಲಿ ಕೇಳಿದ್ರೆ, 'ನಾನು ಅತ್ತೇ ಇಲ್ಲಪ್ಪ, ನೀನು ಹೋದಾಗ ನಾನು ನಿದ್ದೆ ಮಾಡ್ತಿದ್ದೆ ಅಂತ ಅಮ್ಮ ಹೇಳಿದ್ಳು' ಅಂತ ವಾದ ಮಾಡ್ತಾಳೆ. ನನ್ನ ಕಡೆ ಇದ್ದದ್ದು ಈ ಕೋಟು ಒಂದೇ. ಈಗ ಇದೂ ಅವಳ ಕಡೆ ಸೇರ್ಕೊಂಡಿದೆ. ಏನೂ ಆಗೇ ಇಲ್ಲ ಅಂತಿದೆ..." ಬ್ರೇಕು ಬಿತ್ತು.

"ಬಿಚ್ಚಿಕೊಡ್ಲಾ ಅಜ್ಜ?" ಎಂದು ಕೇಳಿದಳು, ಕೇಳಿ ಇನ್ನಷ್ಟು ನಾಚಿದಳು. "ಬಿಚ್ಚಬಹುದು. ಆದ್ರೆ ಹಳೇ ಅಂಚು ಇಲ್ಲ. ಕತ್ತರಿಸಿ ಎಸೆದೆ. ಈಗ ಬಿಚ್ಚಿದ್ರೆ ಅದು ನಾನು ಮಾಡಿದ ತೂತಾಗುತ್ತೆ, ನಿಮ್ಮ ಮಗಳದ್ದಾಗಲ್ಲ."

ಅಜ್ಜ ಕೋಟನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. "ಬಿಚ್ಚೋದು ಬೇಡ. ಎಲ್ಲಿತ್ತು ಅಂತ ಹೇಳು, ಸಾಕು. ಮೂಲೆ ಅಂತ ಗೊತ್ತು. ಮೂಲೇಲಿ ಎಲ್ಲಿ ಅಂತ ನನ್ನ ಬೆರಳಿಗೆ ಮರೆತುಹೋಗ್ತಿದೆ."

ಇದೇನು ಮಹಾ ಎಂದು ಕೋಟನ್ನು ಬೆಳಕಿಗೆ ಹಿಡಿದಳು. ಕಾಣಲಿಲ್ಲ. ಬೆರಳಾಡಿಸಿದಳು. ಸಿಗಲಿಲ್ಲ. ಭೂತಗನ್ನಡಿ ತೆಗೆದು ಕಿಟಕಿಗೆ ಮೂಗು ತಗುಲುವಷ್ಟು ಬಗ್ಗಿದಳು. ಹಾಸು, ಹೊಕ್ಕು, ಹಾಸು, ಹೊಕ್ಕು, ಎಲ್ಲೂ ಬಿರುಕಿಲ್ಲ. ಅವಳ ಕೈಕೆಲಸ ಅವಳನ್ನೇ ಒಳಗೆ ಬಿಡಲಿಲ್ಲ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ. ಅವಳಿಗೆ ಬೆವರು ಕಿತ್ತುಕೊಂಡಿತು. ಎದುರಿಗೆ ಅಜ್ಜ ಕುಳಿತಿದ್ದರು. ಅವರು ನಗಲಿಲ್ಲ, ಸೋತೆ ಅನ್ನು ಎನ್ನಲಿಲ್ಲ. ಒಂದು ಮಾತು ಅಂದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಹುಡುಕುವವರೆಗೆ ಅವರು ಮೇಜಿನ ದೀಪವನ್ನು ಇತ್ತ ಬಗ್ಗಿಸಿದರು, ಅತ್ತ ಬಗ್ಗಿಸಿದರು, ಅಷ್ಟೇ.

ಕೊನೆಗೆ ಒಳಮಡಿಕೆಯಲ್ಲಿ ತಾನು ಎಳೆ ಕಿತ್ತ ಜಾಗ ಸಿಕ್ಕಿತು. ಅಲ್ಲಿಂದ ಬಟ್ಟೆಯ ಬಣ್ಣದ ಏರಿಳಿತ ಹಿಡಿದು ಎಳೆ ಎಳೆಯಾಗಿ ನಡೆದು ಮೂಲೆಗೆ ಬಂದಳು. ಅಜ್ಜನ ತೋರುಬೆರಳು ಹಿಡಿದು ಇಟ್ಟಳು. "ಇಲ್ಲಿ ಶುರು. ಹೀಗೆ ಓರೆಯಾಗಿ ಹೋಗಿ, ಇಲ್ಲಿ ಮುಗಿದಿತ್ತು."

"ಹೂಂ" ಎಂದರು ಅಜ್ಜ. "ಜೋರಾಗೇ ಎಳೆದಿದ್ದಳು." ಬೆರಳು ಎತ್ತಿದರು, ಮತ್ತೆ ಇಟ್ಟರು. ಎರಡನೆಯ ಸಲ ಅದು ಬೇರೆ ಕಡೆ ಬಿತ್ತು.

ಅದನ್ನು ನೋಡಿ ಅವಳು ಅಪ್ಪನ ಸೂಜಿಡಬ್ಬಿ ತೆರೆದಳು. ಕೋಟಿನ ಬಣ್ಣದ್ದಲ್ಲ, ದಪ್ಪನೆಯ ಬೇರೆ ಬಣ್ಣದ ದಾರ ಎಳೆದಳು. ಅದರ ಕೊನೆಗೆ ಒಂದು ಗಂಟು ಹಾಕಿದಳು. ಬರಲಿಲ್ಲ, ಬಿಚ್ಚಿ ಮತ್ತೆ ಹಾಕಿದಳು. ಹಾಕಿ ಗೊತ್ತಿದ್ದರೆ ತಾನೆ? ಹರುಕು ಶುರುವಾದಲ್ಲಿ ಒಂದು, ಮುಗಿದಲ್ಲಿ ಒಂದು, ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುವ ಹಾಗೆ ಗಂಟು ಕೂರಿಸಬೇಕಿತ್ತು. ಗೌನಿನ ಮುತ್ತಜ್ಜ, ಶಾಲಿನ ಅಜ್ಜಿ, ಕೈಕಟ್ಟಿ ಕುಳಿತ ಅಪ್ಪ, ಮೂವರೂ ಆ ಇಕ್ಕಟ್ಟಿನ ಕೋಣೆಯಲ್ಲಿ ಬಂದು ನಿಂತು ನೋಡುತ್ತಿರುವಂತೆ ಅವಳ ಕಿವಿ ಮತ್ತೆ ಬಿಸಿಯಾಯಿತು. ಕೈ ನಡುಗಿ ದಾರ ಸೂಜಿಯ ಕಣ್ಣು ತಪ್ಪಿತು. ಮತ್ತೆ ತಪ್ಪಿತು.

"ಕೊಡಮ್ಮ ಇತ್ತ" ಎಂದು ಬ್ರೇಕಜ್ಜ ಕೈ ನೀಡಿದರು. "ಸ್ಟೇರಿಂಗ್ ಹಿಡಿದ ಕೈ, ಇನ್ನೂ ನಡುಗಲ್ಲ. ನಾನು ಪೋಣಿಸಿಕೊಡ್ತೀನಿ."

"ಬೇಡ ಅಜ್ಜ, ನೀವು ಮುಟ್ಟಬೇಡಿ. ನಡುಗಿದ್ರೆ ನಡುಗಲಿ, ಹೊತ್ತಾದ್ರೆ ಆಗಲಿ. ನಮ್ಮನೇಲಿ ಯಾರೂ ಹಾಕದೆ ಇರೋ ಗಂಟು ಇದು. ಇದರ ನಾಚಿಕೆಗೆ ಪಾಲುದಾರರು ಬೇಡ, ನಾನೇ ಹಾಕ್ತೀನಿ."